ಒಂದು ಸೌಟು ಸತ್ತವರಿಗೆ

ಮಾರ್ಚ್ 4, ಮಂಗಳವಾರ

ಡಾಕ್ಟರ್ ತಿನ್ ನನ್ನ ಕಡತವನ್ನು ಎರಡು ಸಲ ತಿರುವಿ ನೋಡಿದರು. ರಕ್ತ ಹೊಂದುತ್ತದೆ, ಮೂತ್ರಪಿಂಡಗಳು ಎರಡೂ ಚೆನ್ನಾಗಿವೆ, ಸಕ್ಕರೆ ಕಾಯಿಲೆ ಇಲ್ಲ. ತೂಕ ಮಾತ್ರ ಎಪ್ಪತ್ತಾರು. "ಅರವತ್ತೆಂಟಕ್ಕೆ ಇಳಿದು ಬನ್ನಿ" ಎಂದರು, ಪಕ್ಕದ ಬೀದಿಗೆ ಹೋಗಿ ಬನ್ನಿ ಎನ್ನುವ ಧಾಟಿಯಲ್ಲಿ. ಜೂನ್ ಹನ್ನೆರಡಕ್ಕೆ ಕಸಿ ಸಮಿತಿ ಕೂಡುತ್ತದೆ. ತಪ್ಪಿದರೆ ಮತ್ತೆ ಕೂಡುವುದು ವರ್ಷದ ಕೊನೆಗೆ. ತಮ್ಮ ಖೋಯ್‌ನ ಹೃದಯ ಅಲ್ಲಿಯವರೆಗೆ ತಡೆಯುತ್ತದೆಂದು ಅವರು ಹೇಳಲಿಲ್ಲ. ತಡೆಯುವುದಿಲ್ಲವೆಂದೂ ಹೇಳಲಿಲ್ಲ.

ನನಗಿಂತ ಐದು ವರ್ಷ ಚಿಕ್ಕವನು, ನಲವತ್ಮೂರು. ವಾರಕ್ಕೆ ಮೂರು ದಿನ ಯಂತ್ರ ಅವನ ರಕ್ತ ತೊಳೆಯುತ್ತದೆ. ಹೆಂಡತಿಯ ರಕ್ತದ ಗುಂಪು ಬೇರೆ, ಅಮ್ಮನಿಗೆ ಎಪ್ಪತ್ತೈದು. ಉಳಿದವಳು ನಾನು.

ಒಂದು ಮಾತು ಬರೆದಿಡುತ್ತೇನೆ. ಒಂದು ಮೂತ್ರಪಿಂಡ ಕೊಡಲು ಒಪ್ಪಿದ್ದು ರಕ್ತ ಹೊಂದಿತೆಂದು, ಬೇರೆ ಯಾವ ಕಾರಣಕ್ಕೂ ಅಲ್ಲ. ಆರು ವರ್ಷದ ಹಿಂದೆ, ಹೊಸ ವರ್ಷಕ್ಕೆ ಮನೆ ಗುಡಿಸುವಾಗ, ಅಪ್ಪನ ಕೈಬರಹದ ಪದ್ಯದ ಪುಸ್ತಕಗಳನ್ನು ಖೋಯ್ ಹಳೇ ಪೇಪರಿನವಳ ಬುಟ್ಟಿಗೆ ಹಾಕಿದ. ಹನ್ನೊಂದು ಪುಸ್ತಕ. ಅಂದಿನಿಂದ ನಾವು ಮಾತಾಡುವುದು ಹಬ್ಬಕ್ಕೆ, ತಿಥಿಗೆ.

ಮಾರ್ಚ್ 5

ಪಥ್ಯದ ಚೀಟಿಯಲ್ಲಿ "ಊಟಕ್ಕೆ ಅನ್ನ ಒಂದು ಸೌಟು" ಎಂದಿದೆ. ಅಮ್ಮನಿಗೆ ಓದಿ ಹೇಳಿದೆ. ಅನ್ನದ ಪಾತ್ರೆಯ ಪಕ್ಕದ ಜಾಗ ಈ ಮನೆಯಲ್ಲಿ ಯಾವತ್ತೂ ಅವಳದೇ. ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಒಂದು ಸೌಟಾ? ಒಂದು ಸೌಟು ಬಡಿಸೋದು ಸತ್ತವರಿಗೆ ಕಣೇ, ಮಿಯೆನ್. ಬದುಕಿರೋರಿಗೆ ಎರಡು."

"ಡಾಕ್ಟರು ಬರೆದಿರೋದಮ್ಮ."

"ಯಾಕೆ, ಆ ಡಾಕ್ಟರಮ್ಮನಿಗೆ ತಾಯಿ ಇಲ್ವಾ?"

ಎರಡು ಸೌಟು ಬಿತ್ತು. ಎರಡನೆಯದನ್ನು ಸೌಟಿನ ಬೆನ್ನಿನಿಂದ ಒತ್ತಿ ಕೂರಿಸಿದಳು.

ತಿಂದದ್ದು: ಆ ಅನ್ನ, ಕೆಂಪಗೆ ಬೇಯಿಸಿದ ಹಂದಿಮಾಂಸ ಐದು ತುಂಡು, ಹಾಗಲಕಾಯಿ ಸಾರು. ಕೆಲಸದ ಹೊತ್ತಿಗೆ ಗ್ರಂಥಾಲಯದಲ್ಲಿ ಯಾರದೋ ಹುಟ್ಟುಹಬ್ಬದ ಎಳ್ಳುಂಡೆ ಎರಡು. ಮೂರು.

ಮಾರ್ಚ್ 9, ಭಾನುವಾರ

ತೂಕದ ಯಂತ್ರ ಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ. ಮನೆಯಲ್ಲಿದ್ದರೆ ಮಂಚದ ಕೆಳಗೆ ತಳ್ಳುತ್ತೇನೆ, ನನ್ನನ್ನು ನಾನು ಬಲ್ಲೆ. ನಮ್ಮ ಓಣಿಯ ಕೊನೆಮನೆಯ ಲಾಮ್ ಅಣ್ಣ ಬೆಳಗ್ಗೆ ನದಿ ದಂಡೆಯ ಉದ್ಯಾನಕ್ಕೆ ಮಾತಾಡುವ ತಕ್ಕಡಿಯನ್ನು ಗಾಡಿಯಲ್ಲಿ ತಳ್ಳಿಕೊಂಡು ಬರುತ್ತಾನೆ. ವ್ಯಾಯಾಮಕ್ಕೆ ಬಂದವರು ಅದನ್ನು ಹತ್ತಿ ಇಳಿಯುತ್ತಾರೆ. ಅದಕ್ಕೆ ನಾಚಿಕೆ ಎಂಬುದಿಲ್ಲ. ಪಾದ ಇಟ್ಟ ಕೂಡಲೇ ಒಂದು ಹೆಣ್ಣುದನಿ ಇಡೀ ದಂಡೆಗೆ ಕೇಳುವಂತೆ ಸಾರುತ್ತದೆ.

"ಎತ್ತರ ಒಂದು ಮೀಟರ್ ಐವತ್ತೆಂಟು. ತೂಕ ಎಪ್ಪತ್ತಾರು ಪಾಯಿಂಟ್ ಒಂದು. ನೀವು ದಪ್ಪ ಇದ್ದೀರಿ. ಊಟ ಹಿತಮಿತವಾಗಿರಲಿ. ಧನ್ಯವಾದ."

ತೈ ಚಿ ಮಾಡುತ್ತಿದ್ದ ಇಬ್ಬರು ಮುದುಕರು ಕೈ ಮೇಲಿದ್ದಂತೆಯೇ ತಿರುಗಿ ನೋಡಿದರು.

"ಬೇಜಾರು ಮಾಡ್ಕೋಬೇಡಿ ಅಕ್ಕೋರೆ, ಅದು ಎಲ್ಲರಿಗೂ ಹಾಗೇ ಬೈಯುತ್ತೆ. ನನ್ನ ಹೆಂಡತಿಗೂ ಬೈದಿತ್ತು, ಅವಳು ಚಪ್ಪಲೀಲಿ ಹೊಡೆದಳು" ಎಂದ ಲಾಮ್ ಅಣ್ಣ.

ಇಪ್ಪತ್ತು ನಿಮಿಷ ನಡೆದೆ. ಬೆಂಚಿನ ಮೇಲೆ ಹದಿನೈದು ನಿಮಿಷ ಕೂತೆ.

ಮಾರ್ಚ್ 14, ಹುಣ್ಣಿಮೆ

ಇಂದು ಊರೆಲ್ಲ ಸಸ್ಯಾಹಾರ. ತೂಕಕ್ಕೆ ಒಳ್ಳೆಯದು ಎಂದುಕೊಂಡಿದ್ದೆ. ಅಮ್ಮ ಸೋಯಾ ಗಿಣ್ಣಿನಲ್ಲಿ ಮೀನು ಮಾಡಿದಳು, ಹಲಸಿನಕಾಯಿಯಲ್ಲಿ ಕೋಳಿ ಮಾಡಿದಳು, ಎರಡನ್ನೂ ಎಣ್ಣೆಯಲ್ಲಿ ಈಜಿಸಿದಳು. ಮಾಂಸದ ವೇಷ ಹಾಕಿದ ತರಕಾರಿ ಮಾಂಸಕ್ಕಿಂತ ಭಾರ.

ಮಾರ್ಚ್ 18

ಹೋಗಲಿಲ್ಲ.

ಮಾರ್ಚ್ 19

ಹೋಗಲಿಲ್ಲ. ಮಳೆ ಎಂದು ಬರೆಯಬಹುದಿತ್ತು. ಮಳೆ ಇರಲಿಲ್ಲ.

ಮಾರ್ಚ್ 21

ಹೋಗಲಿಲ್ಲ. ಹಾಸಿಗೆಯಲ್ಲಿ ಪದ್ಯ ಓದಿದೆ. ಹಳೆಯ ಕವಿಗಳ ಹೆಂಗಸರೆಲ್ಲ ವಿಲೋ ಕೊಂಬೆಯ ಹಾಗೆ ತೆಳ್ಳಗಿರುತ್ತಾರೆ. ಒಬ್ಬಳಾದರೂ ಹಸಿದವಳಿಲ್ಲ. ವಿರಹದಿಂದ ಸೊರಗುವುದು ಸುಲಭದ ದಾರಿ ಇರಬೇಕು.

ಮಾರ್ಚ್ 23, ಭಾನುವಾರ

ಐದೂವರೆಗೆ ಗೇಟಿನ ಸದ್ದು. ಖೋಯ್ ನಿಂತಿದ್ದ. ಹೊಳೆಯಾಚೆಯ ಮನೆಯಿಂದ ಸ್ಕೂಟರಿನಲ್ಲಿ ಬಂದಿದ್ದ. ಫೋನು ಮಾಡಿರಲಿಲ್ಲ.

"ಡಾಕ್ಟರ್ ನಂಗೂ ನಡೀಬೇಕು ಅಂದಿದಾರೆ" ಎಂದ.

"ಯಾವ ಡಾಕ್ಟರ್?"

"ಇದಾರೆ ಒಬ್ರು."

ಮುಖ ಊದಿಕೊಂಡಿತ್ತು. ಬೂಟಿನ ದಾರ ಬಿಗಿಯಾಗುವುದಿಲ್ಲ, ಸಡಿಲ ಬಿಟ್ಟಿದ್ದ. ಕಬ್ಬಿಣದ ಸೇತುವೆಯ ಅರ್ಧಕ್ಕೆ ಹೋಗಿ ಬಂದೆವು. ಹಿಂದಿರುಗುವಾಗ ಅವನೂ ತಕ್ಕಡಿ ಹತ್ತಿದ. ಹೆಣ್ಣುದನಿ ಹೇಳಿತು: "ನಿಮ್ಮ ತೂಕ ಸರಿಯಾಗಿದೆ. ನೀವು ಆರೋಗ್ಯವಂತರು. ಹೀಗೇ ಕಾಪಾಡಿಕೊಳ್ಳಿ. ಧನ್ಯವಾದ."

ಅವನು ಗಾಡಿ ಹಿಡಿದುಕೊಂಡು ನಕ್ಕ. ಕೆಮ್ಮು ಬರುವವರೆಗೆ ನಕ್ಕ. "ಲಾಮ್ ಅಣ್ಣ, ಇದನ್ನ ಆಸ್ಪತ್ರೆಗೆ ಕಳಿಸಿ, ನನ್ನ ಫೈಲು ಕ್ಲೋಸ್ ಮಾಡ್ತಾರೆ."

ನನ್ನದು ಎಪ್ಪತ್ನಾಲ್ಕು ಪಾಯಿಂಟ್ ಏಳು.

ಏಪ್ರಿಲ್ 6, ಭಾನುವಾರ

ಮಂಗಳವಾರ, ಗುರುವಾರ, ಶನಿವಾರ ಅವನಿಗೆ ಯಂತ್ರ. ಉಳಿದ ದಿನ ಗೇಟಿಗೆ ಬರುತ್ತಾನೆ. ಬರುತ್ತಾನೆಂದೇ ಏಳಬೇಕಾಗುತ್ತದೆ. ಕಾಯಿಲೆಯವನನ್ನು ಗೇಟಿನಲ್ಲಿ ನಿಲ್ಲಿಸಿ ನಿದ್ದೆ ಮಾಡುವುದು ಸಭ್ಯತೆಯಲ್ಲ. ಅಷ್ಟೇ.

ಇಂದು ಸೇತುವೆ ಪೂರ್ತಿ ದಾಟಿದೆವು. ಆಚೆ ದಡದಲ್ಲಿ ಕಪ್ಪೆಚಿಪ್ಪಿನ ಅನ್ನ ಮಾರುವವಳು ಬುಟ್ಟಿ ತೆರೆದಿದ್ದಳು. ಹುರಿದ ಮೆಣಸಿನ ವಾಸನೆ. ಅವಳ ಪಕ್ಕದಲ್ಲೇ ಕಬ್ಬಿನ ಹಾಲಿನವನು.

"ನಿಂಗೆ ಅನ್ನ ಇಲ್ಲ, ನಂಗೆ ನೀರಿಲ್ಲ. ಇಬ್ಬರೂ ಸೇರಿ ಒಂದು ಊಟಕ್ಕೂ ಗತಿಯಿಲ್ಲದೋರು ನಾವು" ಎಂದ.

ಅವನಿಗೆ ದಿನಕ್ಕೆ ಅರ್ಧ ಲೀಟರ್ ನೀರು, ಸಾರು ಹಣ್ಣು ಎಲ್ಲ ಸೇರಿ. ಬಾಯಿ ಒಣಗಿದರೆ ಐಸಿನ ಚೂರು ಇಟ್ಟುಕೊಳ್ಳುತ್ತಾನೆ. ನಾನು ನನ್ನ ನೀರಿನ ಬಾಟಲಿ ಮನೆಯಲ್ಲೇ ಬಿಟ್ಟು ಬರಲು ಶುರು ಮಾಡಿದ್ದೇನೆ. ಹೊರಲು ಭಾರ.

ಏಪ್ರಿಲ್ 14, ಸೋಮವಾರ

ಗ್ರಂಥಾಲಯದ ಮೂರನೇ ಮಹಡಿಗೆ ಲಿಫ್ಟು ಕೆಟ್ಟಿದೆಯಂತೆ, ಹತ್ತು ದಿನದಿಂದ. ಇಂದು ಯಾರೋ ಗೊಣಗಿದಾಗ ಗೊತ್ತಾಯಿತು.

ಸೇತುವೆಯ ಮೇಲೆ ಅವನು ಇದ್ದಕ್ಕಿದ್ದಂತೆ ರಾಗ ಎಳೆದ:

"ಅಂಟಕ್ಕಿ ಕದ್ದ ಬೆಕ್ಕಿಗೆ ಅಂಟಿದೆ ಮೀಸೆ,
ಮಿಯೆನ್‌ಳ ಕೇಳಿದರೆ, ಬೆಕ್ಕಿಗೇ ಆಸೆ."

ಅಪ್ಪ ಕಟ್ಟಿದ್ದು. ನನಗಾಗ ಒಂಬತ್ತು ವರ್ಷ, ದೇವರ ಮುಂದಿಟ್ಟ ಸಿಹಿಯನ್ನ ಕದ್ದಿದ್ದೆ. ಅದನ್ನು ನಾನು ಮರೆತೇ ಬಿಟ್ಟಿದ್ದೆ.

"ಇನ್ನೂ ಇವೆ. ನಿನ್ನ ಮೇಲೆ ಆರು, ಅಮ್ಮನ ಮೇಲೆ ಎರಡು. ಅಮ್ಮನದು ಅವಳೆದುರು ಹೇಳೋ ಹಾಗಿಲ್ಲ" ಎಂದ. ಕಂಬಿಗೆ ಒರಗಿ, "ಆ ಬುಟ್ಟೀಲಿ ಏನಿದೆ ಅಂತ ನಾನು ಬಿಚ್ಚಿ ನೋಡಲಿಲ್ಲ ಅಕ್ಕ. ಹಳೇ ಪೇಪರು ಅಂತಲೇ ಅಂದ್ಕೊಂಡೆ" ಎಂದ.

ನದಿಯಲ್ಲಿ ಮರಳಿನ ದೋಣಿ ಹೋಗುತ್ತಿತ್ತು. ಅದು ಸೇತುವೆಯ ಕೆಳಗೆ ದಾಟುವವರೆಗೆ ನಿಂತೆವು.

ನಡಿಗೆ ಐದು ಕಿಲೋಮೀಟರ್. ತೂಕ 72.8.

ಏಪ್ರಿಲ್ 20, ಭಾನುವಾರ, ಅಪ್ಪನ ತಿಥಿ

ಹನ್ನೆರಡು ಬಗೆ. ನೆಂಟರೆಲ್ಲ ನನ್ನ ಮುಖ ನೋಡಿ, ನಂತರ ಅಮ್ಮನ ಮುಖ ನೋಡಿದರು. ದೊಡ್ಡತ್ತೆ ಗಲ್ಲ ಹಿಡಿದು, "ಏನಾಗಿದೆಯೇ ಈ ಹುಡುಗಿಗೆ? ನಿಮ್ಮನೇಲಿ ಇಬ್ರಿಗೂ ಒಂದೇ ಕಾಯಿಲೆನಾ?" ಎಂದಳು. ಅಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ಸೀಗಡಿ ತಂದು ನನ್ನ ಮುಂದಿಟ್ಟು, ನಾನು ತಿಂದು ಮುಗಿಸುವವರೆಗೆ ಬೀಸಣಿಗೆ ಹಿಡಿದು ಪಕ್ಕದಲ್ಲೇ ಕೂತಳು.

ತಿಥಿಯ ದಿನ ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಅಪ್ಪನಿಗೆ ಅಂದ ಹಾಗೆ.

ಏಪ್ರಿಲ್ 21

ಎಪ್ಪತ್ಮೂರು ಪಾಯಿಂಟ್ ಎರಡು. ಒಂದು ದಿನದ ಪಿತೃಭಕ್ತಿ.

ಮೇ 2, ಶುಕ್ರವಾರ

ಎಪ್ಪತ್ತು ಪಾಯಿಂಟ್ ಐದು! ಎರಡು ಸಲ ಹತ್ತಿ ನೋಡಿದೆ. ಬಿಸಿಲು ಏರಿದೆ, ಲಾವೋಸ್ ಬೆಟ್ಟದ ಕಡೆಯ ಒಣಗಾಳಿ ಬೀಸುತ್ತಿದೆ, ಬೆವರು ಧಾರಾಳ. ಗ್ರಂಥಾಲಯದ ಮೆಟ್ಟಿಲೂ ಸೇರಿ ಕೆಲಸ ಮಾಡಿರಬೇಕು. ಲಾಮ್ ಅಣ್ಣ ಗಾಡಿಯ ಚಕ್ರದ ಕಡೆ ನೋಡುತ್ತ, "ಒಳ್ಳೇದಾಯ್ತು ಅಕ್ಕೋರೆ" ಎಂದ.

ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಇವತ್ತು ಸ್ವಲ್ಪ ತಿನ್ನಬಹುದಲ್ಲ?" ಎಂದಳು. ಕಮಲದ ಬೀಜದ ಪಾಯಸ ಮಾಡಿಯೇ ಇಟ್ಟಿದ್ದಳು. ಎರಡು ಚಮಚ ತಿಂದೆ.

ಮೇ 16, ಶುಕ್ರವಾರ

69.2. ತಮ್ಮನಿಗೆ ರಕ್ತದೊತ್ತಡ ಹೆಚ್ಚಾಗಿ ಸೇತುವೆ ಹತ್ತಲಿಲ್ಲ. ನೀಲಗಿರಿ ಮರದ ಕೆಳಗೆ ಕೂತು ನನ್ನ ಸುತ್ತು ಎಣಿಸಿದ. ಪ್ರತಿ ಸುತ್ತಿಗೂ ಅಪ್ಪನ ಒಂದು ಪದ್ಯ. ಎಂಟನೆಯ ಸುತ್ತಿಗೆ ಅವನೇ ಕಟ್ಟಿದ್ದನ್ನು ಸೇರಿಸಿಬಿಟ್ಟ. ಛಂದಸ್ಸು ಕುಂಟುತ್ತಿತ್ತು, ಹಿಡಿದೆ.

"ಎಂ.ಎ. ಮಾಡಿದೋಳ ಜೊತೆ ಬರಬಾರದು" ಎಂದ.

ಮೇ 27, ಮಂಗಳವಾರ

ಅರವತ್ತೆಂಟು. ಸರಿಯಾಗಿ ಅರವತ್ತೆಂಟು. ಹೆಣ್ಣುದನಿ "ಸ್ವಲ್ಪ ದಪ್ಪ" ಎಂದಿತು, "ದಪ್ಪ" ಎನ್ನಲಿಲ್ಲ. ಡಯಾಲಿಸಿಸ್ ಕೋಣೆಗೆ ಹೋಗಿ ತಮ್ಮನಿಗೆ ಹೇಳಿದೆ. ಒಂದು ಕೈಗೆ ಕೊಳವೆ ಚುಚ್ಚಿದ್ದರು, ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡ. ಬೆಳಕು ಕಣ್ಣಿಗೆ ಬೀಳುತ್ತಿತ್ತು ಅನಿಸುತ್ತದೆ. ಎದ್ದು ಪರದೆ ಎಳೆದೆ.

ಮೇ 29, ಗುರುವಾರ

ಆಸ್ಪತ್ರೆಯ ತಕ್ಕಡಿ: 70.2.

ಇನ್ನೊಂದು ತಕ್ಕಡಿ ತರಿಸಿದರು. 70.2.

"ಹದಿನಾಲ್ಕು ದಿನ ಇದೆ. ಬಹಳ ಚೆನ್ನಾಗಿ ಇಳಿಸಿದೀರಿ, ಆದ್ರೆ ಸಮಿತಿ ಮುಂದೆ ನಾನು ಹೇಳೋದಕ್ಕೆ ಬೆಲೆ ಇಲ್ಲ, ಅಂಕಿಗೆ ಬೆಲೆ" ಎಂದರು ಡಾಕ್ಟರ್ ತಿನ್.

ತಮ್ಮನಿಗೆ ಇನ್ನೂ ಹೇಳಿಲ್ಲ.

ಮೇ 30, ಶುಕ್ರವಾರ

ಲಾಮ್ ಅಣ್ಣನನ್ನು ಕೇಳಿದೆ, ನಿಮ್ಮ ಯಂತ್ರ ಕೆಟ್ಟಿದೆಯಾ ಎಂದು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಸುಳ್ಳು ಹೇಳಲು ಬಾರದ ಮನುಷ್ಯ.

"ಯಂತ್ರ ಸರಿ ಇದೆ ಅಕ್ಕೋರೆ. ಕೆಳಗೆ ಒಂದು ಗುಂಡಿ ಇದೆ. ನೀವು ಹತ್ತಿದಾಗ ಒತ್ತುತಿದ್ದೆ."

"ಯಾಕೆ?"

"ನಿಮ್ಮ ತಾಯಿ ಬಂದಿದ್ರು, ತಿಥಿ ಆದ ಮಾರನೇ ದಿನ. ಮಗು ಕರಗಿಹೋಗ್ತಿದೆ ಲಾಮ್, ಎರಡು ಕೆಜಿ ಕಮ್ಮಿ ಹೇಳಿಬಿಡು, ಅವಳು ಉಪವಾಸ ನಿಲ್ಲಿಸ್ತಾಳೆ ಅಂದ್ರು. ನಾನು ಎಷ್ಟೋ ತಾಯಂದಿರಿಗೆ ಮಾಡಿಕೊಟ್ಟಿದೀನಿ. ಸಾಮಾನ್ಯ ಅವರೆಲ್ಲ ಗಂಡುಮಕ್ಕಳ ಎತ್ತರ ಎರಡು ಸೆಂಟಿಮೀಟರ್ ಜಾಸ್ತಿ ಹೇಳು ಅಂತಾರೆ. ಇದೂ ಅಂಥದ್ದೇ ಅಂದ್ಕೊಂಡೆ."

"ನಾನು ಯಾಕೆ ತೂಕ ಇಳಿಸ್ತಿದೀನಿ ಅಂತ ನಿಮಗೆ ಗೊತ್ತಿತ್ತಾ?"

"ಮದುವೆಗೇನೋ ಅಂತಿದ್ದೆ" ಎಂದ. ನಲವತ್ತೆಂಟರ ನನ್ನನ್ನು ನೋಡಿ, ಪೂರ್ತಿ ಗಂಭೀರವಾಗಿ.

ಕಾರಣ ಹೇಳಿದೆ. ಅವನು ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಗಾಡಿ ತಿರುಗಿಸಿ, ಸ್ಕ್ರೂ ಬಿಚ್ಚಿ, ಆ ಗುಂಡಿಯನ್ನೇ ಕಿತ್ತು ನನ್ನ ಕೈಗಿಟ್ಟ. ಏನು ಮಾಡಲಿ ಅದನ್ನು? ಅವನ ಗಾಡಿಯ ಮೇಲೇ ಇಟ್ಟು ಬಂದೆ.

ಮೇ 31, ಶನಿವಾರ

ಅಮ್ಮ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ. ಅರ್ಧ ಬುಟ್ಟಿ ಆದ ಮೇಲೆ ಹೇಳಿದೆ, ಲಾಮ್ ಅಣ್ಣ ಎಲ್ಲ ಹೇಳಿದ ಎಂದು. ಅವಳ ಕೈ ನಿಲ್ಲಲಿಲ್ಲ.

"ಅರವತ್ತೆಂಟು ಅಂತ ನನ್ನ ಚೀಟಿಯಲ್ಲೇ ಇತ್ತಲ್ಲಮ್ಮ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಿಂಗೆ ಇದು ಬೇಡ ಅಂದಿದ್ರೆ ಹೇಳಬಹುದಿತ್ತು."

ಸೊಪ್ಪಿನ ದಂಟು ಮುರಿದಳು. "ಹೇಗೆ ಹೇಳಲಿ? ಬೇಡ ಅಂದ್ರೆ ಅವನನ್ನ ನಾನೇ ಕೊಂದ ಹಾಗೆ. ಹೂಂ ಅಂದ್ರೆ ನಿನ್ನನ್ನ ನಾನೇ ಕುಯ್ಯೋಕೆ ಕಳಿಸಿದ ಹಾಗೆ. ಇಬ್ಬರನ್ನೂ ಹೆತ್ತವಳ ಬಾಯಿಂದ ಯಾವುದನ್ನ ಹೇಳೋದು? ಅದಕ್ಕೇ ಸುಮ್ಮನೆ ಅಡುಗೆ ಮಾಡಿದೆ."

ಸೊಪ್ಪು ಮುಗಿಯಿತು. ತೊಳೆದೆವು.

ಬುಟ್ಟಿ ಒಳಗಿಡುವಾಗ ಹೇಳಿದೆ: "ಅಮ್ಮ, ನೀನು ಏನೂ ಹೇಳಬೇಡ. ಹೇಳೋದು ನನ್ನ ಕೆಲಸ. ನಾನು ಕೊಡ್ತೀನಿ. ನನಗೆ ಕೊಡಬೇಕು ಅನಿಸಿದೆ."

ಬರೆದ ಮೇಲೆ ಓದಿದೆ. "ಕೊಡಬೇಕಾಗಿದೆ" ಎಂದು ಹೇಳಿದ್ದೆನೋ, "ಕೊಡಬೇಕು ಅನಿಸಿದೆ" ಎಂದೋ, ನೆನಪಿಲ್ಲ. ಹಾಗೇ ಇರಲಿ.

ಜೂನ್ 1, ಭಾನುವಾರ

ಮಧ್ಯಾಹ್ನ ಅಮ್ಮ ಅನ್ನದ ಪಾತ್ರೆ ತೆರೆದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಸೌಟಿನ ತುದಿಯಲ್ಲಿ ಅರ್ಧ ತೆಗೆದು ಹಾಕಿದಳು. ಮತ್ತೆ ಅರ್ಧ ತೆಗೆದು ಹಾಕಿದಳು. ಒತ್ತಲಿಲ್ಲ.

"ಎರಡು ಸೌಟು. ನೀನೂ ಬದುಕಿದೀಯ, ಡಾಕ್ಟರ ಚೀಟಿನೂ ಬದುಕಿದೆ" ಎಂದಳು.

ಹಂದಿಮಾಂಸ ಇರಲಿಲ್ಲ. ಆವಿಯಲ್ಲಿ ಬೇಯಿಸಿದ ಮೀನು, ಶುಂಠಿ. ಅವಳೂ ಅದನ್ನೇ ತಿಂದಳು. "ಉಪ್ಪಿಲ್ಲ, ಎಣ್ಣೆಯಿಲ್ಲ, ಇದನ್ನ ತಿಂದು ನೀನು ಮೂರು ತಿಂಗಳಿಂದ ಹೇಗೆ ನಗ್ತಿದ್ದೆಯೇ?" ಎಂದು ಕೇಳಿದಳು. ನಾನು ನಗುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ.

ಜೂನ್ 5, ಗುರುವಾರ

ನಿನ್ನೆ ತಮ್ಮನ ಶ್ವಾಸಕೋಶಕ್ಕೆ ನೀರು ತುಂಬಿ ಒಳರೋಗಿಯಾಗಿ ಸೇರಿಸಿದರು. ಇಂದು ಉಸಿರು ಪರವಾಗಿಲ್ಲ. "ಒಂದು ಹೋಳು ಕಲ್ಲಂಗಡಿ ತಿಂದೆ, ನೋಡೇಬಿಡೋಣ ಅಂತ" ಎಂದು ಒಪ್ಪಿಕೊಂಡ. ಬೈದೆ. ವಾರ್ಡಿನವರೆಲ್ಲ ಕೇಳಿಸಿಕೊಂಡರು. ನಾನು ಅಷ್ಟು ಜೋರಾಗಿ ಯಾರನ್ನೂ ಬೈದವಳಲ್ಲ. ಪಕ್ಕದ ಹಾಸಿಗೆಯ ಮುದುಕಿ, "ನಿನ್ನ ಹೆಂಡತಿನೇನಪ್ಪ?" ಎಂದಳು. "ಇಲ್ಲಜ್ಜಿ, ಅಕ್ಕ. ಹೆಂಡತಿ ಇಷ್ಟು ಬೈಯಲ್ಲ" ಎಂದ.

ಬೆಳಗ್ಗೆ, ಸಂಜೆ, ಎರಡು ಹೊತ್ತೂ ಒಬ್ಬಳೇ ನಡೆದೆ. ದೂರ ಹೆಚ್ಚಾದಂತೆ ಅನಿಸಿತು. ಸೇತುವೆ ಅಷ್ಟೇ ಉದ್ದ ಇದೆ.

ಜೂನ್ 9, ಸೋಮವಾರ

ಲಾಮ್ ಅಣ್ಣನ ತಕ್ಕಡಿ, ಗುಂಡಿಯಿಲ್ಲದ್ದು: 68.6. ತೈ ಚಿ ಮುದುಕರು ಈಗ ಅಂಕಿ ಕೇಳಿಸಿಕೊಳ್ಳಲೆಂದೇ ಕೈ ನಿಲ್ಲಿಸುತ್ತಾರೆ. ಎಲ್ಲರಿಗೂ ಗೊತ್ತಾಗಿದೆ, ಯಾರು ಹೇಳಿದರೆಂದು ಕೇಳಬೇಕಿಲ್ಲ. ಒಬ್ಬರು, "ಇನ್ನು ಆರು ನೂರು ಗ್ರಾಂ ತಾಯಿ, ತಲೆಗೂದಲು ಕತ್ತರಿಸು, ಅರ್ಧ ಹೋಗುತ್ತೆ" ಎಂದು ಸಲಹೆ ಕೊಟ್ಟರು.

ಕಾಲು ನೋಯುತ್ತಿದೆ. ಹಸಿವೆ ಇದೆ. ಬಿಸಿಗಾಳಿ. ಸಂಜೆಯೂ ಹೋದೆ.

ಜೂನ್ 11

ಕತ್ತರಿಸಿದೆ.

ಜೂನ್ 12, ಗುರುವಾರ

67.9.

ಡಾಕ್ಟರ್ ತಿನ್ ಅಂಕಿ ಬರೆದು ಅದರ ಕೆಳಗೆ ಗೆರೆ ಎಳೆದರು. ಸಮಿತಿಯ ಕೋಣೆಯಲ್ಲಿ ಏಳು ಜನ. ಒಬ್ಬರು ಕೇಳಿದರು, ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಮನೆಯವರಿಗೆ ಹೆದರಿ ಒಪ್ಪಿದ್ದೀರಾ? ಮನೆಯವರು ಎರಡು ಕೆಜಿ ಸುಳ್ಳು ಹೇಳಿಸಿದರು ಎನ್ನಬಹುದಿತ್ತು. ಇಲ್ಲ ಎಂದೆ. ಮತ್ತೆ ಯಾಕೆ ಕೊಡುತ್ತಿದ್ದೀರಿ ಎಂದರು. ರಕ್ತ ಹೊಂದುತ್ತದೆ ಎಂದು ಹೇಳಲು ಹೊರಟಿದ್ದೆ. "ಬೆಳಗ್ಗೆ ಜೊತೆಗೆ ನಡೆಯೋಕೆ ಅವನು ಬೇಕು" ಎಂಬ ಮಾತು ಬಾಯಿಗೆ ಬಂತು. ಇಂಥ ಕಡೆ ಹೇಳುವ ಮಾತಲ್ಲ. ಅವರು ಬರೆದುಕೊಂಡರು.

ಇಪ್ಪತ್ತೈದಕ್ಕೆ ಶಸ್ತ್ರಚಿಕಿತ್ಸೆ.

ಜೂನ್ 24, ಮಂಗಳವಾರ, ಆಸ್ಪತ್ರೆ

ನಾಳೆ ಬೆಳಗ್ಗೆ ಏಳಕ್ಕೆ. ಪಕ್ಕದ ಕೋಣೆಯಲ್ಲಿ ತಮ್ಮ. ಆಗಾಗ ಗೋಡೆ ತಟ್ಟುತ್ತಾನೆ, ನಾನೂ ತಟ್ಟುತ್ತೇನೆ. ಅದಕ್ಕೆ ಅರ್ಥವೇನೂ ಇಲ್ಲ.

ಮಧ್ಯಾಹ್ನ ನರ್ಸ್ ಬಂದು ಮೈಮೇಲಿನ ಒಡವೆ ತೆಗೆಯಬೇಕು ಎಂದಳು. ನನ್ನ ಮೈಮೇಲಿರುವುದು ಒಂದೇ, ಎಡಗೈಯ ಹಸಿರು ಜೇಡ್ ಕಲ್ಲಿನ ಬಳೆ. ಇಪ್ಪತ್ತು ತುಂಬಿದ ದಿನ ಅಮ್ಮ ನನ್ನ ಕೈಗೆ ಸೋಪು ಹಚ್ಚಿ, ನಾನು ಕಿರುಚುತ್ತಿದ್ದರೂ ಬಿಡದೆ ತಳ್ಳಿ ತೊಡಿಸಿದ್ದು. ಅದು ಬರುವುದಿಲ್ಲ ಎಂದೆ. ಅವಳಿಗೆ ಇದು ಹೊಸತಲ್ಲ. ಹೆಂಗಸರ ಬಳೆ ಕತ್ತರಿಸಲೆಂದೇ ಒಂದು ಪುಟ್ಟ ಗರಗಸ ಇದೆಯಂತೆ, ತರುತ್ತೇನೆ ಎಂದು ಹೋದಳು. ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಕಲ್ಲು ಒಡೆದರೆ ತೊಟ್ಟವರಿಗೆ ಕೆಡುಕು ಎಂಬ ಮಾತಿದೆ.

ಕಾಯುತ್ತ ನಾನು ಬಳೆಯನ್ನು ಸುಮ್ಮನೆ ತಿರುಗಿಸುತ್ತಿದ್ದೆ. ಅದು ಹೆಬ್ಬೆರಳಿನ ಬುಡದ ಎಲುಬಿನ ಮೇಲೆ ಒಂದು ಕ್ಷಣ ನಿಂತು, ದಾಟಿ, ಮಡಿಲಿಗೆ ಬಿತ್ತು. ಮಣಿಕಟ್ಟಿನ ಮೇಲೆ ಬಿಸಿಲು ಕಾಣದ ಬಿಳಿ ಪಟ್ಟಿ.

ಅಮ್ಮ ತಿರುಗಿದಳು. ಬಳೆ ಎತ್ತಿಕೊಂಡು, ಬೆರಳಲ್ಲಿ ಸುತ್ತಲೂ ಸವರಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಕರವಸ್ತ್ರದಲ್ಲಿ ಸುತ್ತಿ ರವಿಕೆಯ ಒಳಗೆ ಇಟ್ಟುಕೊಂಡಳು.

"ವಾಪಸ್ ತೊಡಿಸೋವಾಗ ಸೋಪು ಬೇಕಾಗಬೇಕು, ಗೊತ್ತಾಯ್ತಾ?" ಎಂದಳು.

ಹೂಂ ಎಂದೆ.